ನಾಯಿ ನಿದ್ದೆ ಅಂದರೆ ಎಂಥ ನಿದ್ದೆ?

ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳನ್ನು ಹೇಳುವ ಹಳೆಯ ಸಂಸ್ಕೃತ ಶ್ಲೋಕವೊಂದನ್ನು ಮೇಷ್ಟ್ರುಗಳು ಮಕ್ಕಳಿಗೆ ಬಾಯಿಪಾಠ ಮಾಡಿಸುವುದುಂಟು. ಕಾಗೆಯ ಹಾಗೆ ಬಿಡದ ಪ್ರಯತ್ನ, ಕೊಕ್ಕರೆಯ ಹಾಗೆ ಏಕಾಗ್ರತೆ, ನಾಯಿಯ ಹಾಗೆ ನಿದ್ದೆ, ಹಿತಮಿತವಾದ ಊಟ, ಮನೆಯ ಸೆಳೆತದಿಂದ ದೂರ ಇರುವುದು. ಇದ್ದುದರಲ್ಲಿ ಅಪ್ಪ ಅಮ್ಮಂದಿರಿಗೆ ಬಹಳ ಮೆಚ್ಚಿಗೆಯಾದದ್ದು ಮೂರನೆಯದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ 'ಶ್ವಾನನಿದ್ರೆ ಇರಬೇಕಪ್ಪಾ' ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ತಮಾಷೆ ಎಂದರೆ, ಅದೇ ಮನೆಯಲ್ಲಿ ಮಗ ಬೆಳಿಗ್ಗೆ ಏಳು ಗಂಟೆಯಾದರೂ ಏಳದಿದ್ದರೆ ಬೈಯುವುದಕ್ಕೂ ನಾಯಿಯೇ ಬೇಕು: 'ಏಳ್ ಏಳ, ನಾಯಿಗತೆ ಬಿದ್ಕೊಂಡೀಯಲ್ಲೋ!'

ಒಂದೇ ಪ್ರಾಣಿ ಎಚ್ಚರಕ್ಕೂ ಉಪಮೆ, ಸೋಮಾರಿತನಕ್ಕೂ ಉಪಮೆ. ಇವೆರಡರಲ್ಲಿ ಯಾವುದು ನಿಜ?

ಹುನಗುಂದದ ಕಡೆಯವರಿಗೆ ಇದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಊರೊಳಗೆ ಒಂದು ಸುತ್ತು ಹಾಕಿದರೆ ಸಾಕು. ಬೇವಿನ ಗಿಡದ ಬುಡದಲ್ಲಿ, ನಿಂತ ಟ್ರಾಕ್ಟರಿನ ಕೆಳಗೆ, ನೀರಿನ ತೊಟ್ಟಿಯ ಪಕ್ಕದ ಹಸಿ ಮಣ್ಣಿನಲ್ಲಿ, ಪಡಸಾಲೆಯ ಕಲ್ಲುಹಾಸಿನ ಮೇಲೆ ಊರಿನ ನಾಯಿಗಳೆಲ್ಲ ಮಲಗಿರುತ್ತವೆ. ಅದೇ ಊರಿನಲ್ಲಿ ರಾತ್ರಿ ಎರಡು ಗಂಟೆಗೆ ಯಾರಾದರೂ ಅಪರಿಚಿತರು ಓಣಿಗೆ ಕಾಲಿಟ್ಟರೆ, ಅವೇ ನಾಯಿಗಳು ಇಡೀ ಊರನ್ನು ಎಬ್ಬಿಸುತ್ತವೆ. ಉಪಮೆಗಳೆರಡೂ ನಿಜವೇ. ಒಂದು ಹಗಲಿನದು, ಇನ್ನೊಂದು ರಾತ್ರಿಯದು.

ಹದಿನಾರು ನಿಮಿಷದ ನಿದ್ದೆ

ನಾಯಿಯ ನಿದ್ದೆಯನ್ನು ಗಡಿಯಾರ ಹಿಡಿದು ಅಳೆದವರಿದ್ದಾರೆ. ಆಸ್ಟ್ರೇಲಿಯಾದ ಪರ್ತ್ ನಗರದ ಮರ್ಡಾಕ್ ವಿಶ್ವವಿದ್ಯಾಲಯದ ಆಡಮ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕರು ಸಾಕುನಾಯಿಗಳು ರಾತ್ರಿ ಹೇಗೆ ಕಳೆಯುತ್ತವೆ ಎಂಬುದನ್ನು ಗಮನಿಸಿ 1993ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ಲೆಕ್ಕದ ಪ್ರಕಾರ ನಾಯಿ ಸರಾಸರಿ 16 ನಿಮಿಷ ನಿದ್ದೆ ಮಾಡುತ್ತದೆ, 5 ನಿಮಿಷ ಎಚ್ಚರವಾಗಿರುತ್ತದೆ, ಮತ್ತೆ ಮಲಗುತ್ತದೆ. ಎಂಟು ಗಂಟೆಯ ರಾತ್ರಿಯಲ್ಲಿ ಇಂಥ 23 ಸುತ್ತುಗಳು. ಎಚ್ಚರವಾದಾಗಲೆಲ್ಲ ಎದ್ದು ನಿಲ್ಲುತ್ತದೆ ಎಂದಲ್ಲ. ತಲೆ ಎತ್ತಿ ಕಿವಿ ತಿರುಗಿಸಿ ನೋಡುತ್ತದೆ, ಮಗ್ಗುಲು ಬದಲಿಸುತ್ತದೆ, ಒಮ್ಮೆ ಮೂಸುತ್ತದೆ, ಏನೂ ಇಲ್ಲವೆಂದು ಖಾತ್ರಿಯಾದರೆ ಮತ್ತೆ ಮುಂಗಾಲಿನ ಮೇಲೆ ಗದ್ದ ಇಡುತ್ತದೆ.

ಶ್ಲೋಕ ಬರೆದ ಕವಿ ಕಂಡದ್ದು ಈ ಐದು ನಿಮಿಷವನ್ನು. ಅವನು ಕಾಣದೆ ಬಿಟ್ಟದ್ದು ಮೊತ್ತವನ್ನು. ಬೆಳೆದ ನಾಯಿ ದಿನದ 24 ಗಂಟೆಯಲ್ಲಿ ಸುಮಾರು 10ರಿಂದ 12 ಗಂಟೆ ನಿದ್ದೆ ಮಾಡುತ್ತದೆ. ಮರಿಗಳು ಮತ್ತು ಮುದಿ ನಾಯಿಗಳು ಇನ್ನೂ ಹೆಚ್ಚು. ಒಂದೆರಡು ತಿಂಗಳ ಮರಿ 18 ಗಂಟೆ ಮಲಗಿದರೂ ಆಶ್ಚರ್ಯವಿಲ್ಲ. ಚೂರು ಚೂರಾದ ನಿದ್ದೆಯನ್ನು ಅದು ಹಗಲೂ ರಾತ್ರಿ ಕೂಡಿಸಿ ಕೂಡಿಸಿ ಭರ್ತಿ ಮಾಡಿಕೊಳ್ಳುತ್ತದೆ. ಅಡ್ಡಾಡುವ ವ್ಯಾಪಾರಿ ಚಿಲ್ಲರೆ ಕಾಸಿನಲ್ಲೇ ದಿನದ ಗಳಿಕೆ ಮಾಡಿಕೊಂಡ ಹಾಗೆ.

ಮನುಷ್ಯನಿಗೆ ಈ ಚಿಲ್ಲರೆ ವ್ಯವಹಾರ ಆಗಿಬರುವುದಿಲ್ಲ. ನಮ್ಮ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷದ್ದು. ಹಗುರ ನಿದ್ದೆ, ಗಾಢ ನಿದ್ದೆ, ಕಣ್ಣುಗುಡ್ಡೆ ಹೊರಳುವ ಕನಸಿನ ನಿದ್ದೆ, ಇವೆಲ್ಲ ಒಂದರ ಹಿಂದೊಂದು ಬಂದು ಹೋಗಬೇಕು. ಹದಿನಾರು ನಿಮಿಷಕ್ಕೊಮ್ಮೆ ಎಬ್ಬಿಸಿದರೆ ಹುಡುಗ ಗಾಢ ನಿದ್ದೆಯ ಹೊಸ್ತಿಲನ್ನೂ ಸರಿಯಾಗಿ ದಾಟಿರುವುದಿಲ್ಲ. ಆದ್ದರಿಂದ ಶ್ವಾನನಿದ್ರೆಯನ್ನು ಅಕ್ಷರಶಃ ಪಾಲಿಸಲು ಹೊರಡುವ ವಿದ್ಯಾರ್ಥಿ ಅರ್ಧವನ್ನು ಮಾತ್ರ ಪಾಲಿಸುತ್ತಾನೆ. ನಾಯಿಯಂತೆ ಬೇಗ ಏಳುತ್ತಾನೆ, ನಾಯಿಯಷ್ಟು ಹೊತ್ತು ಮಲಗುವುದಿಲ್ಲ.

ಬೂದಿಯ ಗೂಡು, ಕೌದಿಯ ಹಾಸಿಗೆ

ನಾಯಿ ಎಲ್ಲಿ, ಹೇಗೆ ಮಲಗಿದೆ ಎಂಬುದನ್ನು ನೋಡಿದರೆ ಅಂದಿನ ಹವೆಯನ್ನು ಹೇಳಬಹುದು. ನಾಯಿಯ ಮೈಬಿಸಿ ಮನುಷ್ಯನಿಗಿಂತ ತುಸು ಹೆಚ್ಚು, 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಮ್ಮ ಹಾಗೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲ ಅದಕ್ಕಿಲ್ಲ. ಬೆವರುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ಬೀಸಣಿಗೆ. ಏದುತ್ತಾ ಗಾಢವಾಗಿ ನಿದ್ದೆ ಮಾಡಲು ಬರುವುದಿಲ್ಲವಾದ್ದರಿಂದ ಬೇಸಿಗೆಯ ನಾಯಿ ಮೊದಲು ಹುಡುಕುವುದು ತಂಪು ನೆಲವನ್ನು. ಕೂದಲು ಕಡಿಮೆ ಇರುವ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಹಿಂಗಾಲುಗಳನ್ನು ಕಪ್ಪೆಯ ಹಾಗೆ ಹಿಂದಕ್ಕೆ ಚಾಚಿ ಮಲಗುತ್ತದೆ. ಮೇಲಿನ ಮಣ್ಣು ಸುಡುತ್ತಿದ್ದರೆ ಕೆರೆದು ಗುಂಡಿ ಮಾಡಿ ಒಳಗಿನ ತಣ್ಣನೆಯ ಮಣ್ಣಿಗೆ ಮೈಯೊಡ್ಡುತ್ತದೆ. ಹಿತ್ತಲ ಗಿಡದ ಬುಡವನ್ನೆಲ್ಲ ತೋಡಿಹಾಕಿತೆಂದು ನಾಯಿಗೆ ಬಡಿಗೆ ತೋರಿಸುವ ಮೊದಲು ಅಂದಿನ ಬಿಸಿಲನ್ನು ಒಮ್ಮೆ ನೋಡುವುದು ಒಳ್ಳೆಯದು.

ಇಳಕಲ್ಲು, ಅಮೀನಗಡ, ಹುನಗುಂದದ ಸೀಮೆ ಬಂಡೆಗಲ್ಲಿನ ಸೀಮೆ. ಹಗಲೆಲ್ಲ ಕಾದ ಕಲ್ಲು ರಾತ್ರಿ ಬಹಳ ಹೊತ್ತು ಬಿಸಿಯನ್ನು ಹಿಡಿದಿರುತ್ತದೆ. ಬೇಸಿಗೆಯಲ್ಲಿ ಸಂಜೆ ಮನೆ ಮುಂದಿನ ಕಟ್ಟೆಯನ್ನು ಬಿಟ್ಟು ಬಯಲಿಗೆ ಹೋಗುವ ನಾಯಿ, ಚಳಿಗಾಲ ಬಂದಾಗ ಅದೇ ಕಟ್ಟೆಯನ್ನು ಹುಡುಕಿಕೊಂಡು ಬರುತ್ತದೆ. ಚಳಿ ಇನ್ನೂ ಜೋರಾದರೆ ಬಚ್ಚಲ ಒಲೆಯ ಬೂದಿಯೇ ಗತಿ. ಆಗ ಮೈಯನ್ನು ಚಕ್ಕುಲಿಯಂತೆ ಸುತ್ತಿ, ಮೂಗನ್ನು ಬಾಲದ ಕೆಳಗೆ ಸಿಕ್ಕಿಸಿಕೊಳ್ಳುತ್ತದೆ. ಮೂಗು, ಅಂಗಾಲು, ಹೊಟ್ಟೆ, ಹೀಗೆ ಬಿಸಿ ಸೋರಿಹೋಗುವ ಜಾಗಗಳೆಲ್ಲ ಒಳಗೆ ಸೇರಿಬಿಡುತ್ತವೆ. ಸುರುಳಿಯಾಗಿ ಮಲಗಿದ ನಾಯಿಯ ಬೆನ್ನು ಮಾತ್ರ ಹೊರಗೆ. ಅಕಸ್ಮಾತ್ ಯಾರಾದರೂ ಮೇಲೆ ಬಿದ್ದರೂ ಮೊದಲು ಪೆಟ್ಟು ತಿನ್ನುವುದು ಗಟ್ಟಿಯಾದ ಬೆನ್ನೇ ಹೊರತು ಮೆತ್ತನೆಯ ಹೊಟ್ಟೆಯಲ್ಲ.

ಪೂರಾ ನಂಬಿಕೆ ಇದ್ದ ಜಾಗದಲ್ಲಿ ಮಾತ್ರ ನಾಯಿ ಹೊಟ್ಟೆ ಮೇಲೆ ಮಾಡಿ ನಾಲ್ಕೂ ಕಾಲು ಆಕಾಶಕ್ಕೆತ್ತಿ ಮಲಗುತ್ತದೆ. ಬೀದಿ ನಾಯಿಗಳಲ್ಲಿ ಈ ಭಂಗಿ ಕಾಣುವುದು ಅಪರೂಪ. ಸಾಕಿದ ನಾಯಿ ಪಡಸಾಲೆಯ ನಡುಮಧ್ಯೆ ಹೀಗೆ ಬಿದ್ದಿತ್ತೆಂದರೆ ಆ ಮನೆಯವರ ಬಗ್ಗೆ ಅದು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದೆ ಎಂದೇ ತಿಳಿಯಬೇಕು.

ಮಲಗುವ ಮೊದಲು ಮೂರು ಸುತ್ತು ಹಾಕುವ ಅಭ್ಯಾಸವನ್ನು ಮಕ್ಕಳೆಲ್ಲ ಗಮನಿಸಿರುತ್ತಾರೆ. ತೋಳಗಳ ಕಾಲದಿಂದ ಬಂದ ವಾಡಿಕೆ ಅದು ಎಂಬುದು ಪ್ರಾಣಿಶಾಸ್ತ್ರಜ್ಞರ ಊಹೆ. ಹುಲ್ಲು ತುಳಿದು ಸಮ ಮಾಡುವುದು, ಹಾವು ಹುಪ್ಪಟೆ ಇದ್ದರೆ ಓಡಿಸುವುದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯುವುದು, ಇವೆಲ್ಲ ಒಂದೇ ಸುತ್ತಿನಲ್ಲಿ ಆಗುತ್ತವೆ. ಕೆನಡಾದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ ಇದನ್ನು ಸರಳವಾಗಿ ಪರೀಕ್ಷಿಸಿದರು. ನಯವಾದ ಜಮಖಾನೆಯ ಮೇಲೆ ಕೆಲವು ನಾಯಿಗಳನ್ನು, ಉಬ್ಬುತಗ್ಗಾಗಿ ಮುದುಡಿದ ಜಮಖಾನೆಯ ಮೇಲೆ ಕೆಲವನ್ನು ಬಿಟ್ಟು ನೋಡಿದಾಗ, ಮುದುಡಿದ್ದರ ಮೇಲೆ ಸುತ್ತು ಹಾಕಿದವೇ ಬಹಳ ಹೆಚ್ಚು. ಹಾಸಿಗೆ ಕೊಡವಿ ಮಲಗುವ ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಮುಧೋಳದ ಓಟಗಾರ

ಬಾಗಲಕೋಟೆ ಜಿಲ್ಲೆಯಲ್ಲಿ ನಾಯಿಯ ಮಾತು ಎತ್ತಿದ ಮೇಲೆ ಮುಧೋಳವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಉದ್ದ ಮೂತಿ, ಸಣ್ಣ ನಡು, ಆಳವಾದ ಎದೆ, ಬಿಲ್ಲಿನಂತೆ ಬಾಗಿದ ಬೆನ್ನು, ಎಣಿಸಬಹುದಾದ ಪಕ್ಕೆಲುಬು. ಮುಧೋಳ ನಾಯಿಯನ್ನು ಮೊದಲ ಸಲ ಕಂಡ ಪೇಟೆಯವರು 'ಪಾಪ, ಊಟ ಹಾಕುವುದಿಲ್ಲವೇನೋ' ಎನ್ನುವುದುಂಟು. ಅದರ ಮೈಕಟ್ಟೇ ಹಾಗೆ. ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆ ಹಿಡಿದು ಓಡಿ ಮುಗಿಸುವ ಜಾತಿ ಅದು. ಹಿಂದಿನ ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಉಳಿಸಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದೂ, ಆ ಮೇಲೆ 'ಮುಧೋಳ' ಎಂಬ ಹೆಸರು ಇದಕ್ಕೆ ಅಂಟಿಕೊಂಡಿತೆಂದೂ ಹೇಳುತ್ತಾರೆ. ಭಾರತೀಯ ಅಂಚೆ ಇಲಾಖೆ 2005ರಲ್ಲಿ ದೇಶೀ ನಾಯಿಗಳ ಅಂಚೆಚೀಟಿ ಹೊರತಂದಾಗ ಅದರಲ್ಲಿ ಮುಧೋಳಕ್ಕೂ ಜಾಗ ಸಿಕ್ಕಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಇಲ್ಲಿನ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿಗೆ ಹೋದವು.

ಇಷ್ಟು ಚುರುಕಾದ ನಾಯಿ ದಿನವೆಲ್ಲ ಕುಣಿಯುತ್ತಿರಬೇಕು ಎಂದುಕೊಂಡರೆ ತಪ್ಪು. ಗ್ರೇಹೌಂಡ್ ಮೊದಲಾದ ಓಟದ ನಾಯಿಗಳಿಗೆಲ್ಲ ಇರುವ ಗುಣವೇ ಇದಕ್ಕೂ ಇದೆ. ಕೆಲವೇ ನಿಮಿಷ ಬಾಣದಂತೆ ಓಡಬೇಕು, ಆಮೇಲೆ ಗಂಟೆಗಟ್ಟಲೆ ಮಲಗಬೇಕು. ಚಿರತೆಯ ಓಟವೂ ಹೀಗೆಯೇ. ಬೆಳಿಗ್ಗೆ ಹೊಲದಲ್ಲಿ ಮನಸಾರೆ ಓಡಿಸಿ ತಂದ ಮುಧೋಳ ನಾಯಿ ಮಧ್ಯಾಹ್ನವಿಡೀ ಎದ್ದಿತೋ ಇಲ್ಲವೋ ಎಂಬಂತೆ ಬಿದ್ದಿರುತ್ತದೆ. ಓಡಿಸದೆ ಕಟ್ಟಿಹಾಕಿದರೆ ಮಾತ್ರ ಅದಕ್ಕೆ ನಿದ್ದೆಯೂ ಇಲ್ಲ, ಮನೆಯವರಿಗೆ ನೆಮ್ಮದಿಯೂ ಇಲ್ಲ.

ಮಲಗುವ ವಿಚಾರದಲ್ಲಿ ಇದಕ್ಕೊಂದು ಕಷ್ಟವಿದೆ. ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು, ಕೂದಲು ಗಿಡ್ಡ. ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಮೊಣಕೈ, ಸೊಂಟದ ಎಲುಬು ತಾಗುವ ಕಡೆ ಕೂದಲು ಉದುರಿ ಚರ್ಮ ಗಡುಸಾಗುತ್ತದೆ; ಕೆಲವೊಮ್ಮೆ ಹುಣ್ಣೂ ಆಗುತ್ತದೆ. ಇದಕ್ಕೆ ಪೇಟೆಯ ದುಬಾರಿ ಹಾಸಿಗೆ ಬೇಕಿಲ್ಲ. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿ ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುತ್ತದೆ. ಮಕ್ಕಳಿಗೆ ಬೇಡವಾದ ಒಂದು ಹರಕು ಕೌದಿಯನ್ನು ಎರಡು ಮಡಿಕೆ ಮಾಡಿ ಹಾಸಿದರೆ ಸಾಕು. ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಕೊಡವಬೇಕು, ಇಲ್ಲದಿದ್ದರೆ ಉಣ್ಣೆ, ಚಿಗಟ ಸೇರಿಕೊಂಡು ನಾಯಿ ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ಮಲಗಿದಲ್ಲೇ ಪದೇ ಪದೇ ಎದ್ದು ಕಚ್ಚಿಕೊಳ್ಳುವ ನಾಯಿಗೆ ನಿದ್ದೆಯ ರೋಗವಲ್ಲ, ಹಾಸಿಗೆಯ ರೋಗ.

ಈ ಭಾಗದ ಕುರಿಗಾರರ ನಾಯಿಗಳ ನಿದ್ದೆ ಮತ್ತೊಂದು ರೀತಿಯದು. ಮಳೆಗಾಲ ಮುಗಿದ ಮೇಲೆ ಹೊಲದಿಂದ ಹೊಲಕ್ಕೆ ಕುರಿ ತರುಬುತ್ತಾ ಹೋಗುವ ಹಿಂಡಿನ ಜೊತೆಗಿನ ನಾಯಿ ಬಿಸಿಲೇರಿದಾಗ ಕುರಿಗಳ ನಡುವೆಯೇ ತೂಕಡಿಸುತ್ತದೆ. ರಾತ್ರಿ ಹಟ್ಟಿಯ ಅಂಚಿನಲ್ಲಿ, ತೋಳ ಬರಬಹುದಾದ ಕಡೆಗೆ ಮುಖ ಮಾಡಿ ಮಲಗುತ್ತದೆ. ಹದಿನಾರು ನಿಮಿಷ ನಿದ್ದೆ, ಐದು ನಿಮಿಷ ಎಚ್ಚರ ಎಂಬ ಏರ್ಪಾಡಿನ ಬೆಲೆ ನಿಜಕ್ಕೂ ಗೊತ್ತಾಗುವುದು ಇಂಥಲ್ಲಿ.

ಮಲಗಿದಲ್ಲೇ ಓಟ

ಮಲಗಿದ ನಾಯಿ ಒಮ್ಮೊಮ್ಮೆ ಕಾಲು ಜಾಡಿಸುತ್ತದೆ, ಮೀಸೆ ಕುಣಿಸುತ್ತದೆ, ಬಾಯಿ ಮುಚ್ಚಿಕೊಂಡೇ 'ವುಫ್ ವುಫ್' ಎಂದು ಕ್ಷೀಣವಾಗಿ ಬೊಗಳುತ್ತದೆ. 'ನಾಯಿ ಕನಸ ಕಾಣಾಕತ್ತೈತಿ' ಎಂದು ಹಿರಿಯರು ನಗುತ್ತಾರೆ. ಈ ಹೇಳಿಕೆ ಬಹುಮಟ್ಟಿಗೆ ಸರಿ.

ನಿದ್ದೆಯಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ವೇಗವಾಗಿ ಹೊರಳುವ ಒಂದು ಹಂತವಿದೆ ಎಂಬುದನ್ನು ಅಮೆರಿಕದ ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಲೋಕಕ್ಕೆ ತಿಳಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದ ಮನುಷ್ಯರು ಕನಸು ಕಾಣುತ್ತಿದ್ದೆ ಎಂದು ಹೇಳುತ್ತಿದ್ದರು. ನಾಯಿ, ಬೆಕ್ಕುಗಳಲ್ಲೂ ಅದೇ ಹಂತ ಇದೆ. ಆ ವೇಳೆ ಮಿದುಳು ಎಚ್ಚರದಲ್ಲಿದ್ದಷ್ಟೇ ಚುರುಕಾಗಿರುತ್ತದೆ, ಆದರೆ ಮಿದುಳಿನ ಬುಡದ ಒಂದು ಭಾಗ ಮೈಯ ಸ್ನಾಯುಗಳಿಗೆಲ್ಲ ಬೀಗ ಹಾಕಿರುತ್ತದೆ. ಫ್ರಾನ್ಸಿನ ಮಿಶೆಲ್ ಜೂವೆ ಎಂಬ ವಿಜ್ಞಾನಿ 1960ರ ದಶಕದಲ್ಲಿ ಬೆಕ್ಕುಗಳ ಮಿದುಳಿನ ಆ ಭಾಗವನ್ನು ಕೆಡಿಸಿ ನೋಡಿದಾಗ, ನಿದ್ದೆಯಲ್ಲಿದ್ದ ಬೆಕ್ಕುಗಳು ಎದ್ದು ಇಲ್ಲದ ಇಲಿಯ ಮೇಲೆ ಹೊಂಚು ಹಾಕುವವರಂತೆ ನಡೆದಾಡಿದವು. ಬೀಗ ಸಡಿಲವಾಗಿರುವ ಮರಿಗಳು ಮತ್ತು ಮುದಿ ನಾಯಿಗಳು ನಿದ್ದೆಯಲ್ಲಿ ಹೆಚ್ಚು ಕೈಕಾಲು ಆಡಿಸುವುದನ್ನು ಕಾಣುತ್ತೇವೆ.

ಏನು ಕನಸು ಎಂದು ನಾಯಿ ಹೇಳುವುದಿಲ್ಲ. ಆದರೆ ಇಲಿಗಳಿಂದ ಒಂದು ಸುಳಿವು ಸಿಕ್ಕಿದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಕೆನ್‌ವೇ ಲೂಯಿ ಮತ್ತು ಮ್ಯಾಥ್ಯೂ ವಿಲ್ಸನ್ 2001ರಲ್ಲಿ ಪ್ರಕಟಿಸಿದಂತೆ, ಹಗಲು ಗುರುತು ಮಾಡಿದ ದಾರಿಯಲ್ಲಿ ಓಡಿದ ಇಲಿಯ ಮಿದುಳಿನ ಕೋಶಗಳು ಯಾವ ಕ್ರಮದಲ್ಲಿ ಮಿಡಿದಿದ್ದವೋ, ನಿದ್ದೆಯ ಈ ಹಂತದಲ್ಲೂ ಅದೇ ಕ್ರಮದಲ್ಲಿ ಮಿಡಿದವು. ಇಲಿ ಹಗಲಿನ ದಾರಿಯನ್ನು ರಾತ್ರಿ ಮತ್ತೊಮ್ಮೆ ಓಡುತ್ತಿತ್ತು. ಹೊಲದಲ್ಲಿ ಮೊಲ ಅಟ್ಟಿಸಿಕೊಂಡು ಹೋದ ಮುಧೋಳ ನಾಯಿ ಮಲಗಿದಲ್ಲೇ ನಾಲ್ಕೂ ಕಾಲು ಜಾಡಿಸುವಾಗ ಬೇರೆ ಏನನ್ನೋ ಕಾಣುತ್ತಿದೆ ಎಂದು ನಂಬುವುದು ಕಷ್ಟ.

ಕಲಿತದ್ದು ಎಲ್ಲಿ ಹೋಗುತ್ತದೆ?

ವಿದ್ಯಾರ್ಥಿಗಳಿಗೆ ನಿಜಕ್ಕೂ ಉಪಯೋಗವಾಗುವ ಸಂಗತಿ ಮುಂದಿನದು. ಹಂಗೆರಿಯ ರಾಜಧಾನಿ ಬುಡಾಪೆಸ್ಟಿನಲ್ಲಿ ಸಾಕುನಾಯಿಗಳ ನಡವಳಿಕೆಯನ್ನು ಬಹಳ ವರ್ಷಗಳಿಂದ ಅಭ್ಯಾಸ ಮಾಡುತ್ತಿರುವ ವಿಜ್ಞಾನಿಗಳ ತಂಡವಿದೆ. ನಾಯಿಯನ್ನು ಕೊಯ್ಯದೆ, ಚುಚ್ಚದೆ, ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಯಜಮಾನನ ಪಕ್ಕದಲ್ಲೇ ಹಾಸಿಗೆ ಹಾಸಿ ಮಲಗಿಸಿ ಅದರ ಮಿದುಳಿನ ಅಲೆಗಳನ್ನು ದಾಖಲಿಸುವ ಕ್ರಮವನ್ನು ಇವರು ರೂಢಿಸಿದ್ದಾರೆ. ಅನ್ನಾ ಕಿಶ್ ಮತ್ತು ಸಂಗಡಿಗರು 2017ರಲ್ಲಿ ಒಂದು ಪಾಠದ ಪ್ರಯೋಗವನ್ನು ಪ್ರಕಟಿಸಿದರು.

ಹಂಗೆರಿಯನ್ ಭಾಷೆಯಲ್ಲಿ 'ಕೂರು', 'ಮಲಗು' ಎಂದರೆ ತಿಳಿಯುತ್ತಿದ್ದ ನಾಯಿಗಳಿಗೆ ಅದೇ ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಕಲಿಸಿದರು. ಕನ್ನಡ ಮಾಧ್ಯಮದ ಹುಡುಗನನ್ನು ಒಮ್ಮೆಗೇ ಇಂಗ್ಲಿಷ್ ತರಗತಿಯಲ್ಲಿ ಕೂರಿಸಿದ ಹಾಗೆ! ಪಾಠದ ನಂತರ ಮಲಗಿದ ನಾಯಿಗಳ ಮಿದುಳಿನ ಅಲೆಗಳು, ಪಾಠವಿಲ್ಲದ ದಿನದ ಅಲೆಗಳಿಗಿಂತ ಬೇರೆಯಾಗಿದ್ದವು. ಕಲಿತದ್ದು ನಿದ್ದೆಯೊಳಗೂ ಕೆಲಸ ಮಾಡುತ್ತಿತ್ತು ಎಂದಾಯಿತು.

ಅದರ ಎರಡನೆಯ ಭಾಗ ಇನ್ನೂ ಸ್ವಾರಸ್ಯದ್ದು. 53 ನಾಯಿಗಳಿಗೆ ಪಾಠ ಹೇಳಿ, ಪಾಠ ಮುಗಿದ ಮೇಲೆ ಅವುಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪು ಮಲಗಿತು. ಇನ್ನೊಂದು ಯಜಮಾನನ ಜೊತೆ ಅಡ್ಡಾಡಿತು. ಮೂರನೆಯದು ಆಟವಾಡಿತು. ನಾಲ್ಕನೆಯದಕ್ಕೆ ಬಿಡುವೇ ಕೊಡದೆ ಮತ್ತೊಂದು ಹೊಸ ಪಾಠ ಹೇಳಿಕೊಟ್ಟರು. ಆ ಕೂಡಲೇ ಪರೀಕ್ಷೆ ಮಾಡಿದಾಗ ಅಡ್ಡಾಡಿ ಬಂದ ನಾಯಿಗಳು, ಎರಡನೆಯ ಪಾಠ ಕಲಿತ ನಾಯಿಗಳಿಗಿಂತ ಮುಂದಿದ್ದವು. ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿದಾಗ ಮಲಗಿದವು, ಅಡ್ಡಾಡಿದವು, ಆಡಿದವು ಮೂರೂ ಮುಂದೆ. ಪಾಠದ ಮೇಲೆ ಪಾಠ ಹೇಳಿಸಿಕೊಂಡದ್ದೇ ಹಿಂದೆ.

ಶಾಲೆ ಬಿಟ್ಟ ಕೂಡಲೇ ಮನೆಪಾಠ, ಮನೆಪಾಠ ಮುಗಿದ ಕೂಡಲೇ ಇನ್ನೊಂದು ಮನೆಪಾಠ ಎಂದು ಮಕ್ಕಳನ್ನು ಅಟ್ಟುವ ತಾಯಿ ತಂದೆಯರು ಈ ನಾಲ್ಕನೆಯ ಗುಂಪಿನ ಕತೆಯನ್ನು ಎರಡು ಸಲ ಓದುವುದು ಮೇಲು. ನಾಯಿಗೆ ಆದದ್ದೆಲ್ಲ ಮಗುವಿಗೂ ಹಾಗೆಯೇ ಆಗುತ್ತದೆ ಎಂದು ಇದರಿಂದ ಹೇಳಲಾಗದು, ನಿಜ. ಆದರೆ ನಿದ್ದೆ ನೆನಪನ್ನು ಗಟ್ಟಿ ಮಾಡುತ್ತದೆ ಎಂಬುದು ಮನುಷ್ಯರ ಮೇಲೂ ಬೇಕಾದಷ್ಟು ಸಲ ಸಾಬೀತಾಗಿದೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯಂತೆ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೆರಡರವರೆಗೆ ಓದಿಸಿ ಬೆಳಗಿನ ನಾಲ್ಕಕ್ಕೆ ಎಬ್ಬಿಸಿದರೆ ಇದರಲ್ಲಿ ಅರ್ಧ ಮಾತ್ರ ಸಿಗುತ್ತದೆ.

ಅದೇ ತಂಡ ಅದೇ ವರ್ಷ ಮತ್ತೊಂದು ಪ್ರಯೋಗ ಮಾಡಿತು. ಕೆಲವು ನಾಯಿಗಳನ್ನು ಮಲಗುವ ಮೊದಲು ಮುದ್ದಿಸಿ ಆಡಿಸಿದರು. ಅವೇ ನಾಯಿಗಳನ್ನು ಇನ್ನೊಂದು ದಿನ ಕಟ್ಟಿಹಾಕಿ, ಒಂಟಿ ಬಿಟ್ಟು, ಯಜಮಾನ ಮುಖ ತಿರುಗಿಸಿ ಕೂರುವಂತೆ ಮಾಡಿದರು. ನೊಂದ ದಿನ ನಾಯಿಗಳು ಬೇಗನೆ ನಿದ್ದೆ ಹೋದವು, ಆದರೆ ಆ ನಿದ್ದೆಯಲ್ಲಿ ಗಾಢ ನಿದ್ದೆಯ ಪಾಲು ಕಡಿಮೆಯಾಗಿತ್ತು. ಬೈಸಿಕೊಂಡು ಅತ್ತು ಮಲಗಿದ ಮಗು ಕೂಡಲೇ ನಿದ್ದೆ ಹೋಗುವುದನ್ನು ಎಲ್ಲರೂ ಕಂಡಿರುತ್ತಾರೆ. ಬೇಗ ಮಲಗಿತು ಎಂದ ಮಾತ್ರಕ್ಕೆ ಚೆನ್ನಾಗಿ ಮಲಗಿತು ಎಂದು ಹೇಳಲಾಗದು.

ನಿದ್ದೆಯೇ ಕಾಯಿಲೆಯಾದಾಗ

ಮನುಷ್ಯರ ನಿದ್ದೆಯ ಕಾಯಿಲೆಯೊಂದರ ಗುಟ್ಟು ಬಿಡಿಸಿಕೊಟ್ಟದ್ದೂ ನಾಯಿಗಳೇ. ಹಗಲು ಹೊತ್ತಿನಲ್ಲೇ ತಡೆಯಲಾಗದ ನಿದ್ದೆ, ನಕ್ಕಾಗ ಅಥವಾ ಸಂತೋಷವಾದಾಗ ಕೈಕಾಲಿನ ಶಕ್ತಿ ಹೋಗಿ ಕುಸಿದು ಬೀಳುವುದು, ಇವು ನಾರ್ಕೊಲೆಪ್ಸಿ ಎಂಬ ಕಾಯಿಲೆಯ ಲಕ್ಷಣಗಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡಿಮೆಂಟ್ ಅವರು 1970ರ ದಶಕದಲ್ಲಿ ಇದೇ ತೊಂದರೆಯಿದ್ದ ಡಾಬರ್‌ಮನ್ ಮೊದಲಾದ ನಾಯಿಗಳನ್ನು ಸಾಕತೊಡಗಿದರು. ರುಚಿಯಾದ ತಿಂಡಿ ಮುಂದಿಟ್ಟರೆ ಸಾಕು, ಖುಷಿಗೆ ನಾಯಿ ಅಲ್ಲೇ ಧೊಪ್ಪನೆ ಕುಸಿಯುತ್ತಿತ್ತು. ಎಮಾನ್ಯುಯಲ್ ಮಿನ್ಯೋ ಅವರ ತಂಡ ಹತ್ತು ವರ್ಷ ಬೆನ್ನುಹತ್ತಿ, ಎಚ್ಚರವನ್ನು ಕಾಪಾಡುವ ಹೈಪೊಕ್ರೆಟಿನ್ ಎಂಬ ರಾಸಾಯನಿಕವನ್ನು ಗುರುತಿಸುವ ಜೀನ್ ಈ ನಾಯಿಗಳಲ್ಲಿ ಕೆಟ್ಟಿದೆ ಎಂದು 1999ರಲ್ಲಿ ತೋರಿಸಿಕೊಟ್ಟಿತು. ರೋಗಿಗಳಾದ ಮನುಷ್ಯರ ಮಿದುಳಿನಲ್ಲಿ ಆ ರಾಸಾಯನಿಕವೇ ಇಲ್ಲವಾಗಿರುತ್ತದೆ ಎಂಬುದು ಬೇಗನೆ ಗೊತ್ತಾಯಿತು. ಅದನ್ನೇ ತಿರುಗಿಸಿ ನಿದ್ದೆ ಬಾರದವರಿಗೆ ಮಾಡಿದ ಹೊಸ ಬಗೆಯ ಔಷಧಿಗೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು.

ಚಪ್ಪಟೆ ಮೂತಿಯ ಬುಲ್‌ಡಾಗ್, ಪಗ್ ನಾಯಿಗಳ ಗೊರಕೆ ಮಕ್ಕಳಿಗೆ ಮೋಜು. ನಾಯಿಗೆ ಅದು ಮೋಜಲ್ಲ. ಗಂಟಲಿನ ದಾರಿ ಇಕ್ಕಟ್ಟಾಗಿ ನಿದ್ದೆಯಲ್ಲಿ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಮನುಷ್ಯರ ಉಸಿರುಗಟ್ಟುವ ನಿದ್ದೆಯನ್ನು ಅರಿಯಲು 1980ರ ದಶಕದಲ್ಲಿ ವಿಜ್ಞಾನಿಗಳು ಆರಿಸಿಕೊಂಡದ್ದೇ ಬುಲ್‌ಡಾಗನ್ನು. ನಲವತ್ತು ಡಿಗ್ರಿ ಬಿಸಿಲಿನ ಬಾಗಲಕೋಟೆ ಜಿಲ್ಲೆಗೆ ಇಂಥ ನಾಯಿಯನ್ನು ದುಡ್ಡು ಕೊಟ್ಟು ತರುವ ಶೋಕಿ ಈಚೆಗೆ ಬೆಳೆದಿದೆ. ಏದುಸಿರನ್ನೇ ಬೀಸಣಿಗೆ ಮಾಡಿಕೊಂಡ ಪ್ರಾಣಿಗೆ ಉಸಿರಿನ ದಾರಿಯೇ ಕಿರಿದಾದರೆ ಅದರ ಗತಿಯೇನು? ಉದ್ದ ಮೂತಿಯ ಊರ ನಾಯಿ ಈ ಬಿಸಿಲಿಗೆ ಹುಟ್ಟಿದ್ದು.

ಮಲಗಿದ ನಾಯಿಯ ಹತ್ತಿರ ಮಕ್ಕಳು

ಮಲಗಿದ ನಾಯಿಯನ್ನು ಎಬ್ಬಿಸಬಾರದು ಎಂಬ ಮಾತಿಗೆ ಗಾದೆಗಿಂತ ಹೆಚ್ಚಿನ ಅರ್ಥವಿದೆ. ಗಾಢ ನಿದ್ದೆಯಲ್ಲೋ ಕನಸಿನಲ್ಲೋ ಇರುವ ನಾಯಿಯ ಬಾಲ ತುಳಿದರೆ, ಮೇಲೆ ಬಿದ್ದು ಅಪ್ಪಿಕೊಂಡರೆ, ಅದು ಯಾರೆಂದು ನೋಡುವ ಮೊದಲೇ ಕಚ್ಚಿರುತ್ತದೆ. ಸ್ವಂತ ಮನೆಯ ಸಾಧು ನಾಯಿಯೂ ಹೀಗೆ ಮಾಡಬಹುದು. ಕಿವಿ ಮಂದವಾದ ಮುದಿ ನಾಯಿ, ಮರಿ ಹಾಕಿದ ನಾಯಿ ಇನ್ನೂ ಬೇಗ ಬಾಯಿ ಹಾಕುತ್ತವೆ. ಚಿಕ್ಕ ಮಕ್ಕಳ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುವುದರಿಂದ ಗಾಯ ಮುಖ, ಕುತ್ತಿಗೆಗೆ ಆಗುವುದು ಹೆಚ್ಚು. ಹುಚ್ಚುನಾಯಿ ರೋಗದ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇಕಡಾ 40ರಷ್ಟು ಮಂದಿ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ.

ಆದ್ದರಿಂದ ನಾಯಿ ಮಲಗುವ ಜಾಗ ಮಕ್ಕಳು ಓಡಾಡುವ ದಾರಿಯಲ್ಲಿ ಇರಬಾರದು. ಮೂಲೆಯಲ್ಲೋ ಮೆಟ್ಟಿಲ ಕೆಳಗೋ ಒಂದು ಜಾಗ ಗೊತ್ತುಮಾಡಿ, ಅಲ್ಲಿಗೆ ಹೋದ ನಾಯಿಯನ್ನು ಯಾರೂ ಮುಟ್ಟಬಾರದೆಂದು ಮಕ್ಕಳಿಗೆ ಕಟ್ಟಪ್ಪಣೆ ಮಾಡಬೇಕು. ಎಬ್ಬಿಸಲೇಬೇಕಾದರೆ ನಾಲ್ಕು ಹೆಜ್ಜೆ ದೂರ ನಿಂತು ಹೆಸರು ಹಿಡಿದು ಕರೆಯಬೇಕು. ಕಿವಿ ಕೇಳದ ಮುದಿ ನಾಯಿಯಾದರೆ ನೆಲವನ್ನು ಮೆಲ್ಲಗೆ ತಟ್ಟಿದರೆ ಕಂಪನ ತಿಳಿದು ಏಳುತ್ತದೆ. ಬೀದಿಯಲ್ಲಿ ಮಲಗಿದ ನಾಯಿಗೆ ಕಲ್ಲೆಸೆಯುವ ಹುಡುಗರ ಆಟದ ಬಗ್ಗೆ ಬೇರೆ ಹೇಳಬೇಕಿಲ್ಲ.

ಕಚ್ಚಿದರೆ, ಪರಚಿದರೂ ಸಹ, ಮೊದಲು ಮಾಡಬೇಕಾದದ್ದು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ಗಾಯ ತೊಳೆಯುವುದು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚುವ ಹಳೆಯ ರೂಢಿ ಕೆಟ್ಟದ್ದು. ಅಂದೇ ಸರಕಾರಿ ಆಸ್ಪತ್ರೆಗೆ ಹೋಗಬೇಕು, ವೈದ್ಯರು ಬರೆದುಕೊಟ್ಟ ದಿನಗಳಂದು ಒಂದೂ ತಪ್ಪದೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಬೈಸಿಕೊಳ್ಳುವ ಹೆದರಿಕೆಗೆ ಮಕ್ಕಳು ಪರಚಿದ್ದನ್ನು ಮುಚ್ಚಿಡುವುದುಂಟು. 'ಹೇಳಿದರೆ ಬೈಯುವುದಿಲ್ಲ' ಎಂದು ಮೊದಲೇ ಮಾತು ಕೊಟ್ಟಿರುವುದು ಒಳಿತು. ಸಾಕಿದ ನಾಯಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಬೇಕು.

ಹೊಸದಾಗಿ ಮರಿ ತಂದ ಮನೆಯಲ್ಲಿ ಮೊದಲ ನಾಲ್ಕಾರು ರಾತ್ರಿ ಯಾರಿಗೂ ನಿದ್ದೆಯಿಲ್ಲ. ಅಲ್ಲಿಯವರೆಗೆ ತಾಯಿ ಮತ್ತು ಒಡಹುಟ್ಟಿದವರ ಮೈಗೆ ಮೈ ಒತ್ತಿ ಮಲಗುತ್ತಿದ್ದ ಮರಿ ಒಂಟಿಯಾಗಿ ಕುಂಯ್‌ಗುಡುತ್ತದೆ. ಅದನ್ನು ಹಿತ್ತಲಿನಲ್ಲಿ ಕಟ್ಟಿ ಬಾಗಿಲು ಹಾಕಿಕೊಳ್ಳುವ ಬದಲು, ಮನೆಯವರ ಉಸಿರು ಕೇಳುವಷ್ಟು ಹತ್ತಿರದಲ್ಲಿ ಒಂದು ಬುಟ್ಟಿಯಲ್ಲಿ ಮಲಗಿಸಿದರೆ ಬೇಗ ಹೊಂದಿಕೊಳ್ಳುತ್ತದೆ. ತಾಯಿ ಮಲಗಿದ್ದ ಗೋಣಿಯ ತುಂಡೊಂದನ್ನು ಜೊತೆಗೇ ತಂದು ಹಾಸುವುದು ತಿಳಿದವರ ಕ್ರಮ. ಎರಡು ಮೂರು ಗಂಟೆಗೊಮ್ಮೆ ಉಚ್ಚೆಗೆ ಹೊರಗೆ ಬಿಡಬೇಕಾಗುತ್ತದೆ. 'ನಾಯಿಮರಿ ಬೇಕು' ಎಂದು ಹಟ ಹಿಡಿದ ಮಗನಿಗೆ ಈ ಕೆಲಸ ವಹಿಸಿದರೆ, ಶ್ಲೋಕದಲ್ಲಿ ಹೇಳಿದ ನಿದ್ದೆ ಎಂಥದೆಂದು ಒಂದೇ ವಾರದಲ್ಲಿ ಅವನಿಗೆ ಗೊತ್ತಾಗುತ್ತದೆ.

ಹನ್ನೆರಡು ಹದಿಮೂರು ವರ್ಷ ದಾಟಿದ ನಾಯಿಯ ಕತೆ ಇನ್ನೊಂದು. ಹಗಲೆಲ್ಲ ಮಲಗಿ ರಾತ್ರಿ ಎದ್ದು ಮನೆಯ ತುಂಬ ಸುತ್ತುತ್ತದೆ, ಗೋಡೆಗೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತದೆ, ಕಾರಣವಿಲ್ಲದೆ ಊಳಿಡುತ್ತದೆ. ಊಳಿಟ್ಟರೆ ಅಪಶಕುನವೆಂದು ಕೆಲವರು ಹೊರಗೆ ಅಟ್ಟುತ್ತಾರೆ. ಮುದುಕರಿಗೆ ಅರಳುಮರಳು ಆಗುವಂತೆ ನಾಯಿಗೂ ಮಿದುಳು ಸವೆದು ಹಗಲು ರಾತ್ರಿಯ ಲೆಕ್ಕ ತಪ್ಪುತ್ತದೆ, ಕೀಲುನೋವೂ ಸೇರಿಕೊಂಡಿರಬಹುದು. ಪಶುವೈದ್ಯರಿಗೆ ತೋರಿಸಿದರೆ ನೋವಿಗೆ ಔಷಧಿ ಕೊಡುತ್ತಾರೆ. ಸಂಜೆ ತುಸು ದೂರ ನಡೆಸಿಕೊಂಡು ಬಂದು, ರಾತ್ರಿ ಒಂದು ಸಣ್ಣ ದೀಪ ಉರಿಯಲು ಬಿಟ್ಟು, ಅದರ ಕೌದಿಯನ್ನು ಇದ್ದ ಜಾಗದಲ್ಲೇ ಇಟ್ಟರೆ ಬಹಳಷ್ಟು ನಾಯಿಗಳು ತಡರಾತ್ರಿಯಾದರೂ ತಾವಾಗಿ ಬಂದು ಅದರ ಮೇಲೆ ಮಲಗುತ್ತವೆ.